ಮದ್ಯದಂಗಡಿ ಬೇಕೇ ಬೇಡವೇ: ಬ್ಯಾಕೋಡೇ ಹೇಳಲಿ

ಹಳ್ಳಿಯೊಂದರಲ್ಲಿ ಮದ್ಯದಂಗಡಿ ತೆರೆಯಬೇಕೇ ಬೇಡವೇ ಎಂಬುದನ್ನು ಆ ಹಳ್ಳಿಯವರನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವ ವ್ಯವಸ್ಥೆ ಕರ್ನಾಟಕದಲ್ಲಿ ದಶಕಗಳಿಂದ ನಡೆದುಬಂದಿದೆ. ಅಂಗಡಿಯ ಸನ್ನದು, ಅಂದರೆ ಮದ್ಯ ಮಾರಲು ಅಬಕಾರಿ ಇಲಾಖೆ ಕೊಡುವ ಲಿಖಿತ ಪರವಾನಗಿ, ಅಬಕಾರಿ ಆಯುಕ್ತರ ಕಚೇರಿಗೂ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೂ ನಡುವೆ ಓಡಾಡುವ ಕಡತದಲ್ಲಿ ಹುಟ್ಟುತ್ತದೆ. ಗ್ರಾಮಸಭೆ ಒಕ್ಕೊರಲಿನಿಂದ ಬೇಡವೆಂದು ಠರಾವು ಮಾಡಿದರೂ ಅದು ಆ ಕಡತಕ್ಕೆ ಇನ್ನೊಂದು ಹಾಳೆಯಾಗಿ ಸೇರುತ್ತದೆಯೇ ಹೊರತು ಕಡತವನ್ನು ನಿಲ್ಲಿಸುವ ಬಲ ಅದಕ್ಕಿಲ್ಲ. ಈ ಅನ್ಯಾಯವನ್ನು ಸರಿಪಡಿಸುವ ಕಾಲ ಬಂದಿದೆ, ಮತ್ತು ಅದನ್ನು ಎಲ್ಲಿಂದ ನೋಡಬೇಕೆಂದರೆ ಶರಾವತಿ ಹಿನ್ನೀರಿನ ಆಚೆಗಿರುವ ಬ್ಯಾಕೋಡು, ತುಮರಿಯಂಥ ಊರುಗಳಿಂದ ನೋಡಬೇಕು.

ಕರೂರು–ಬಾರಂಗಿ ಹೋಬಳಿಗಳ ಈ ಸೀಮೆಯನ್ನು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನೀರು ತಾಲ್ಲೂಕು ಕೇಂದ್ರವಾದ ಸಾಗರದಿಂದ ಬೇರ್ಪಡಿಸಿತು. ನಾಡಿಗೆ ಬೆಳಕು ಕೊಡಲು ಮುಳುಗಡೆಯಾದ ಜನ ಆರು ದಶಕಗಳ ಕಾಲ ಹೊಳೆಬಾಗಿಲಿನ ಲಾಂಚಿಗೆ ಕಾದು ಕುಳಿತರು. ಸಂಜೆ ಲಾಂಚ್ ನಿಂತ ಮೇಲೆ ಬಸುರಿಯನ್ನೋ ಹಾವು ಕಡಿದವರನ್ನೋ ಆಸ್ಪತ್ರೆಗೆ ಸಾಗಿಸಬೇಕಾದರೆ ಹೊಸನಗರದ ಕಡೆಯಿಂದ ಸುತ್ತುಹಾಕಬೇಕಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳನ್ನು ಕೂಡಿಸುವ 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ಕೊನೆಗೂ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು, ಸಿಗಂದೂರು ದೇವಸ್ಥಾನಕ್ಕೆ ಬರುವ ವಾಹನಗಳ ಸಾಲು ಹಗಲು ರಾತ್ರಿಯೆನ್ನದೆ ಹರಿಯುವಂತಾಯಿತು. ದಾರಿ ತೆರೆದ ಕಡೆಗೆ ವ್ಯಾಪಾರ ಬರುವುದು ಸಹಜ, ಬರಬೇಕಾದದ್ದೂ ಹೌದು; ಆದರೆ ಹೀಗೆ ಬರುವ ವ್ಯಾಪಾರಗಳ ಪೈಕಿ ಮದ್ಯದ್ದು ಮಾತ್ರ ಸರ್ಕಾರವೇ ಹುಟ್ಟಿಸಿ, ಸರ್ಕಾರವೇ ಜಾಗ ಗೊತ್ತುಮಾಡಿ, ಸರ್ಕಾರವೇ ಲಾಭ ಎಣಿಸುವ ವ್ಯಾಪಾರವಾದ್ದರಿಂದ, ಅದು ಬಾಗಿಲಿಗೆ ಬರುವ ಮುನ್ನವೇ ಕೇಳಬೇಕಾದ ಪ್ರಶ್ನೆಗಳಿವೆ.

ಸನ್ನದುಗಳ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಅಡಿಯಲ್ಲಿ ರೂಪಿಸಿದ 1968ರ ನಿಯಮಗಳು ಚಿಲ್ಲರೆ ಅಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9, ವಸತಿಗೃಹವಿರುವ ಹೋಟೆಲಿಗೆ ಸಿಎಲ್-7 ಎಂದು ಬೇರೆ ಬೇರೆ ನಮೂನೆಗಳನ್ನು ಇಟ್ಟಿವೆ. ಇವುಗಳಲ್ಲಿ ಮೊದಲಿನ ಎರಡಕ್ಕೆ ಜನಸಂಖ್ಯೆಯ ಲೆಕ್ಕದಲ್ಲಿ ಮಿತಿಯುಂಟು, 1990ರ ದಶಕದ ಆರಂಭದಿಂದ ಅವನ್ನು ಹೊಸದಾಗಿ ಕೊಡುವುದನ್ನೂ ನಿಲ್ಲಿಸಲಾಗಿತ್ತು. ಹಾಗೆಂದು ಅಂಗಡಿಗಳು ಹೆಚ್ಚುವುದೇನೂ ನಿಲ್ಲಲಿಲ್ಲ, ಏಕೆಂದರೆ ಸಿಎಲ್-7ರ ಬಾಗಿಲು ತೆರೆದೇ ಇತ್ತು, ಅದರ ಜೊತೆಗೆ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಸಂಸ್ಥೆಗೆಂದೇ ಸಿಎಲ್-11ಸಿ ಎಂಬ ಪ್ರತ್ಯೇಕ ನಮೂನೆ ಬಂದಿತು. ಮಕ್ಕಳಿಗೆ ಲೇಖಕ್ ನೋಟ್ ಪುಸ್ತಕ ಮಾರುವ ಸಂಸ್ಥೆಯೇ ಅವರ ಅಪ್ಪಂದಿರಿಗೆ ಮದ್ಯವನ್ನೂ ಮಾರುತ್ತಿದೆ ಎಂಬುದನ್ನು ಹೇಳುವಾಗ ನೋವಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ 3,000ಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ಗ್ರಾಮ ಪಂಚಾಯಿತಿಗಳಲ್ಲೂ ಹೊಸ ಮದ್ಯದಂಗಡಿ ತೆರೆಯುವ ಪ್ರಸ್ತಾವ ಸುದ್ದಿಯಾಗಿ, ವಿರೋಧ ಎದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು. 2025ರ ಮಾರ್ಚಿನ ಬಜೆಟ್ಟು ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನಲ್ಲಿ ಕೊಡುವುದಾಗಿ ಹೇಳಿತು. ಹರಾಜಿನಲ್ಲಿ ಪಾರದರ್ಶಕತೆ ಇರಬಹುದು, ಆದರೆ ಹೆಚ್ಚು ಹಣ ಯಾರು ಕೊಡುತ್ತಾರೆ ಎಂಬುದಷ್ಟೇ ಅಲ್ಲಿ ಕಾಣುತ್ತದೆ. ಆ ಅಂಗಡಿಯ ಪಕ್ಕದಲ್ಲಿ ಯಾರು ಬದುಕಬೇಕು ಎಂಬುದು ಕಾಣುವುದಿಲ್ಲ.

ಊರಿನ ಹಿತ ಕಾಯಲು ಕಾಯ್ದೆಯಲ್ಲಿ ಏನೂ ಇಲ್ಲವೆಂದಲ್ಲ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿಯ 5ನೇ ನಿಯಮದ ಪ್ರಕಾರ ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆಗಳಿಂದ 100 ಮೀಟರಿನ ಒಳಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಕಡೆ ಮದ್ಯದಂಗಡಿ ಇರಕೂಡದು, ಹೆದ್ದಾರಿಯ ನಡುಗೆರೆಯಿಂದ 220 ಮೀಟರ್ ದೂರವಿರಬೇಕು. ಆದರೆ ಇದು ಪೇಟೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ನಿಯಮ. ಬೀದಿಯ ಎರಡೂ ಬದಿಗೆ ಮನೆಗಳು ಒತ್ತಿಕೊಂಡಿರುವ ಕಡೆ 100 ಮೀಟರ್ ಎಂದರೆ ಒಂದು ತಿರುವು, ಹತ್ತಾರು ಮನೆ, ಸ್ವಲ್ಪ ಮರೆ. ಮಲೆನಾಡಿನ ಊರು ಹಾಗಿರುವುದಿಲ್ಲ. ಗುಡ್ಡಕ್ಕೊಂದು ತೋಟಕ್ಕೊಂದು ಎಂಬಂತೆ ಚದುರಿದ ಮನೆಗಳಿಂದ ಮಕ್ಕಳು ಕಾಲುದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ನಡೆದು ಶಾಲೆಗೋ ಬಸ್ಸಿಗೋ ಬರುತ್ತಾರೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಸೊಸೈಟಿ, ಬಸ್ ನಿಲ್ದಾಣ ಎಲ್ಲವೂ ಒಂದೇ ಕೈಮರದ ಸುತ್ತ ಇರುತ್ತವೆ. ಅಬಕಾರಿ ನಿರೀಕ್ಷಕರು ಬಂದು ಚಕ್ಕುಬಂದಿ ಬರೆದು, ಶಾಲೆಯ ಗೇಟಿನಿಂದ ಅಂಗಡಿಯ ಬಾಗಿಲಿಗೆ ಟೇಪು ಹಿಡಿದು, 112 ಮೀಟರ್ ಎಂದು ನಕ್ಷೆಯಲ್ಲಿ ಗುರುತಿಸಿದರೆ ನಿಯಮದ ಕಣ್ಣಿಗೆ ಎಲ್ಲವೂ ಸರಿಯಾಗಿರುತ್ತದೆ. ಸಂಜೆ ಐದೂವರೆಯ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಆ ಅಂಗಡಿಯ ಎದುರಿನ ಕಟ್ಟೆಯಲ್ಲದೆ ಬೇರೆಲ್ಲಿ ಕೂರಬೇಕು ಎಂಬುದಕ್ಕೆ ಆ ನಕ್ಷೆಯಲ್ಲಿ ಜಾಗವಿಲ್ಲ. ಹೆದ್ದಾರಿಯ ಅಂತರದ ಕತೆಯೂ ಅಷ್ಟೇ. ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಕೆ. ಬಾಲು ಪ್ರಕರಣದಲ್ಲಿ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದೆಂದು ಆದೇಶಿಸಿ, ಮರುವರ್ಷದ ಮಾರ್ಚಿನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು, ಆಮೇಲೆ ಪಟ್ಟಣಗಳಿಗೆ ವಿನಾಯಿತಿ ಬಂದಿತು. ಸಣ್ಣ ಊರನ್ನು ಕಾಯಬೇಕಿದ್ದ ಅಂತರ ಹೀಗೆ ಸಣ್ಣ ಊರಿನಲ್ಲೇ ಅರ್ಧಕ್ಕಿಂತ ಕಡಿಮೆಯಾಯಿತು.

ಅಳತೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಸಾಗರದ ನೆಲಕ್ಕೆ ಹೊಸದಲ್ಲ. 1951ರ ಏಪ್ರಿಲಿನಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಅಂದರೆ ಧಣಿಗಳ ಜಮೀನನ್ನು ಫಸಲಿನ ಪಾಲಿಗೆ ಉಳುತ್ತಿದ್ದವರು, ಸತ್ಯಾಗ್ರಹಕ್ಕೆ ಇಳಿದದ್ದು ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ. ಗೇಣಿ ಕೊಡುವುದಿಲ್ಲವೆಂದು ಅವರು ಹೊರಡಲಿಲ್ಲ. ಅಳೆಯುವ ಕೊಳಗ ಧಣಿಯ ಇಷ್ಟದ್ದಾಗಿರಬಾರದು, ಎಲ್ಲರೂ ಒಪ್ಪಿದ ಸೇರಿನ ಲೆಕ್ಕದ್ದಾಗಿರಬೇಕು ಎಂಬ ಸರಳ ಬೇಡಿಕೆಯಿಂದ ಹೊರಟರು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರೂ ರಾಮಮನೋಹರ ಲೋಹಿಯಾ ಅವರೂ ಬಂದು ಸೇರಿಕೊಂಡ ಆ ಹೋರಾಟ ಮುಂದೆ ರಾಜ್ಯದ ಭೂಸುಧಾರಣೆಗೆ ದಾರಿ ಮಾಡಿತು. ಇಂದು ಮದ್ಯದಂಗಡಿಯ ವಿಷಯದಲ್ಲಿ ಕೇಳುತ್ತಿರುವುದೂ ಅದೇ ಜಾತಿಯ ಬೇಡಿಕೆ: ಊರಿನ ಹಾನಿಯನ್ನು ಅಳೆಯುವ ಕೋಲು ಆ ಹಾನಿಯಿಂದ ಆದಾಯ ಪಡೆಯುವವರ ಕೈಯಲ್ಲಿರಬಾರದು.

ಅಂಗಡಿಯ ಪರವಾಗಿ ಕೇಳಿಬರುವ ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಮಲೆನಾಡಿಗೆ ಮದ್ಯ ಹೊರಗಿನಿಂದ ಬಂದದ್ದಲ್ಲ. ಬಗನಿ ಮರದ ಹೆಂಡವನ್ನು ಈ ಸೀಮೆ ತಲೆಮಾರುಗಳಿಂದ ಬಲ್ಲದು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಕೂಲಿಯ ಕೈಗೆ 90 ಎಂಎಲ್‌ನ ವಿಸ್ಕಿ ಪ್ಯಾಕೆಟ್ಟು ಬಂದಿತು, ಸನ್ನದಿಲ್ಲದ ಹಳ್ಳಿಗಳಲ್ಲಿ ಅದು ಗೂಡಂಗಡಿಯಲ್ಲಿ ಬೀಡಿ, ಕಡ್ಡಿಪೆಟ್ಟಿಗೆಗಳ ಹಿಂದೆ ಕೂತು ಮೂಲಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತದೆ. ಪೊಲೀಸರ ದೈನಂದಿನ ಪ್ರಕಟಣೆಗಳನ್ನು ಓದುವ ಯಾರಿಗಾದರೂ ಅಬಕಾರಿ ಕಾಯ್ದೆಯ 15(ಎ), 32(3)ನೇ ಕಲಮುಗಳು ಬಾಯಿಪಾಠವಾಗಿರುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಕುಡಿಯಲು ಅವಕಾಶ ಮಾಡಿಕೊಟ್ಟ ಆರೋಪ, ವಶಪಡಿಸಿಕೊಂಡ ನಾಲ್ಕಾರು ಪ್ಯಾಕೆಟ್ಟು, ಎರಡು ಪ್ಲಾಸ್ಟಿಕ್ ಲೋಟ, ಒಂದು ಖಾಲಿ ನೀರಿನ ಬಾಟಲಿ ಎಂಬ ಪಟ್ಟಿ ಪ್ರತಿ ಪ್ರಕರಣದಲ್ಲೂ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಸನ್ನದಿನ ಅಂಗಡಿಯೊಂದು ಊರಿಗೇ ಬಂದರೆ ಈ ಕಳ್ಳವ್ಯಾಪಾರ ತಾನಾಗಿ ನಿಲ್ಲುವುದಿಲ್ಲವೇ, ಎಂಎಸ್‌ಐಎಲ್ ಮಳಿಗೆಯಲ್ಲಿ ಮುದ್ರಿತ ಬೆಲೆಗೇ ಸಿಗುವುದಿಲ್ಲವೇ ಎಂದು ಕೇಳುತ್ತಾರೆ.

ಈ ವಾದ ಒಂದು ಸಂಗತಿಯನ್ನು ಮರೆಯುತ್ತದೆ. ಗೂಡಂಗಡಿಯ ಪ್ಯಾಕೆಟ್ಟು ಕಾಡಿನಲ್ಲಿ ಬೆಳೆದದ್ದಲ್ಲ, ಅದು ಸನ್ನದಿನ ಅಂಗಡಿಯಿಂದಲೇ ಬಂದದ್ದು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ಮಾರಾಟವೆಲ್ಲ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯುತ್ತದೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ, ಚಿಲ್ಲರೆ ಅಂಗಡಿಯ ಹಿಂಬಾಗಿಲಿನಿಂದಲೋ ಮುಂಬಾಗಿಲಿನಿಂದಲೋ ಗೂಡಂಗಡಿಗೆ. ಒಬ್ಬ ವ್ಯಕ್ತಿ 2.3 ಲೀಟರ್ ಮದ್ಯವನ್ನು ಕಾನೂನುಬದ್ಧವಾಗಿಯೇ ಒಯ್ಯಬಹುದು, ಎಂದರೆ ಒಂದು ಕೈಚೀಲದಲ್ಲಿ 90 ಎಂಎಲ್‌ನ 25 ಪ್ಯಾಕೆಟ್ಟು. ಸಾಗರದಿಂದ ತರುವಾಗ ಬಸ್ಸಿನ ಖರ್ಚು, ಅರ್ಧ ದಿನದ ಕೂಲಿ ಅದರ ಮೇಲೆ ಕೂರುತ್ತವೆ. ಅಂಗಡಿ ಕೈಮರಕ್ಕೇ ಬಂದರೆ ಒಳಕೇರಿಯ ಗೂಡಂಗಡಿಗೆ ಸರಕು ಇನ್ನೂ ಸಲೀಸು, ದಿನಕ್ಕೆ ಒಂದು ಸಲ ತರುತ್ತಿದ್ದವನು ಮೂರು ಸಲ ತರಬಲ್ಲ. ಕಳ್ಳವ್ಯಾಪಾರವನ್ನು ನಿಲ್ಲಿಸಬೇಕಾದದ್ದು ಚಿಲ್ಲರೆ ಅಂಗಡಿಯ ಬಿಲ್ಲಿನ ಮೇಲೆ ಕಣ್ಣಿಡುವ ಅಬಕಾರಿ ಸಿಬ್ಬಂದಿಯ ಕೆಲಸ. ಅದನ್ನು ಮಾಡದೆ, ಮಾಡದಿರುವುದನ್ನೇ ಹೊಸ ಸನ್ನದಿಗೆ ಕಾರಣವಾಗಿ ಮುಂದಿಡುವುದು ತಪ್ಪು.

ಇನ್ನೊಂದು ಆಕ್ಷೇಪ ಸ್ವಾತಂತ್ರ್ಯದ್ದು: ವಯಸ್ಕನೊಬ್ಬ ಕುಡಿಯಬೇಕೇ ಬೇಡವೇ ಎಂಬುದನ್ನು ನೆರೆಹೊರೆಯ ಬಹುಮತ ಹೇಗೆ ತೀರ್ಮಾನಿಸೀತು? ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಕುಡಿಯುವುದು ಒಂದು, ಊರಿನ ಕೈಮರದಲ್ಲಿ ಅಂಗಡಿ ತೆರೆಯುವುದು ಇನ್ನೊಂದು. ಮದ್ಯದ ವ್ಯಾಪಾರ ಮಾಡುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲೇ ಹೇಳಿದೆ. ಪೂರ್ಣ ಪಾನನಿಷೇಧವನ್ನು ಈ ಲೇಖನ ಕೇಳುತ್ತಿಲ್ಲ. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿ 2022ರ ಡಿಸೆಂಬರಿನ ಸಾರಣ್ ಜಿಲ್ಲೆಯ ಕಳ್ಳಬಟ್ಟಿ ದುರಂತ ಹತ್ತಾರು ಜನರನ್ನು ಬಲಿ ತೆಗೆದುಕೊಂಡದ್ದನ್ನು ಕಂಡ ಮೇಲೆ ರಾಜ್ಯವಿಡೀ ಒಂದೇ ಬೀಗ ಹಾಕಿ ಎನ್ನುವುದು ಜವಾಬ್ದಾರಿಯ ಮಾತಾಗದು. ಬೇಕೆನ್ನುವ ಊರಿಗೆ ಅಂಗಡಿ ಇರಲಿ. ಬೇಡವೆನ್ನುವ ಊರಿನ ಮೇಲೆ ಹೇರುವುದು ನಿಲ್ಲಲಿ.

ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ತ್ವಗಳಲ್ಲಿ 40ನೇ ವಿಧಿ ಗ್ರಾಮ ಪಂಚಾಯಿತಿಗಳಿಗೆ ಸ್ವಯಂ ಆಡಳಿತದ ಅಧಿಕಾರ ಕೊಡಬೇಕೆನ್ನುತ್ತದೆ, 47ನೇ ವಿಧಿ ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ಬಳಕೆಯನ್ನು ತಡೆಯಲು ರಾಜ್ಯ ಪ್ರಯತ್ನಿಸಬೇಕೆನ್ನುತ್ತದೆ. ಈ ಎರಡೂ ಒಂದೇ ಊರಿನ ಗ್ರಾಮಸಭೆಯಲ್ಲಿ ಕೂಡುವಂತೆ ಮಾಡಿದ ಕಾನೂನು ದೇಶದಲ್ಲಿ ಇಲ್ಲದಿಲ್ಲ. 1996ರ ಪೆಸಾ ಕಾಯ್ದೆ, ಅಂದರೆ ಅನುಸೂಚಿತ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯನ್ನು ವಿಸ್ತರಿಸಿದ ಕೇಂದ್ರದ ಕಾಯ್ದೆ, ಮದ್ಯ ಮಾರಾಟವನ್ನು ನಿರ್ಬಂಧಿಸುವ ಅಧಿಕಾರವನ್ನು ಗ್ರಾಮಸಭೆಗೂ ಪಂಚಾಯಿತಿಗೂ ಒದಗಿಸಿದೆ. ಕರ್ನಾಟಕದಲ್ಲಿ ಅಂಥ ಪ್ರದೇಶಗಳನ್ನು ಘೋಷಿಸಿಲ್ಲವಾದ್ದರಿಂದ ಅದರ ನೆರಳು ಇಲ್ಲಿಗೆ ತಲುಪುವುದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ಶೇ 25ರಷ್ಟು ಮಂದಿ ಲಿಖಿತವಾಗಿ ಕೇಳಿದರೆ ಗುಪ್ತ ಮತದಾನ ನಡೆಸಬೇಕಾಗುತ್ತದೆ, ಮತಪತ್ರದಲ್ಲಿ ನಿಂತ ಬಾಟಲಿ ಮತ್ತು ಅಡ್ಡ ಬಿದ್ದ ಬಾಟಲಿ ಎಂಬ ಎರಡು ಚಿತ್ರಗಳಿರುತ್ತವೆ, ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚುತ್ತದೆ. ಅಕ್ಷರ ಬಾರದವರೂ ತೀರ್ಪು ಕೊಡಬಲ್ಲ ವ್ಯವಸ್ಥೆಯಿದು. ಅದರಲ್ಲಿ ಕೊರತೆಯೂ ಉಂಟು: ಮದುವೆಯಾಗಿ ಹೋದರೂ ಪಟ್ಟಿಯಲ್ಲಿ ಹೆಸರುಳಿದವರು, ತೀರಿಹೋದವರು ಎಲ್ಲರೂ ಲೆಕ್ಕಕ್ಕೆ ಬರುವುದರಿಂದ ಬಾರದ ಮತವೆಲ್ಲ ಅಂಗಡಿಯ ಪರ ಬಿದ್ದಂತಾಗುತ್ತದೆ. ಚಲಾಯಿತ ಮತಗಳ ಬಹುಮತವೇ ಸಾಕೆಂದು ಕರ್ನಾಟಕ ಇದನ್ನು ತಿದ್ದಿಕೊಳ್ಳಬಹುದು. ಗುಪ್ತ ಮತದಾನವನ್ನು ಮಾತ್ರ ಬಿಡಕೂಡದು, ಏಕೆಂದರೆ ಗ್ರಾಮಸಭೆಯಲ್ಲಿ ಕೈ ಎತ್ತಬೇಕಾದ ಹೆಂಗಸಿನ ಎದುರು ಅಂಗಡಿಗೆ ಕಟ್ಟಡ ಬಾಡಿಗೆ ಕೊಡುವ ಯಜಮಾನರು ಕೂತಿರುತ್ತಾರೆ, ಪಕ್ಕದಲ್ಲಿ ಗಂಡ ಕೂತಿರುತ್ತಾನೆ, ನಾಳೆ ಅಡಿಕೆ ಸುಲಿಯುವ ಕೆಲಸಕ್ಕೆ ಅವಳು ಅದೇ ಯಜಮಾನರ ಅಂಗಳಕ್ಕೆ ಹೋಗಬೇಕಾಗಿರುತ್ತದೆ.

ಈ ಬೇಡಿಕೆಯನ್ನು ಕರ್ನಾಟಕದ ಹೆಂಗಸರು ಈಗಾಗಲೇ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಮುಟ್ಟಿಸಿದ್ದಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಕರೆಯ ಮೇಲೆ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ರಾಜಧಾನಿಯವರೆಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ಅವರಿಗೆ ಸಿಕ್ಕಿದ್ದು ಭರವಸೆ. ಬಜೆಟ್ಟಿನ ಪುಟದಲ್ಲಿ ಮಾತ್ರ ಅಬಕಾರಿ ಆದಾಯದ ಗುರಿ ಏರುತ್ತಲೇ ಹೋಗಿ 2025–26ಕ್ಕೆ 40,000 ಕೋಟಿ ರೂಪಾಯಿ ಮುಟ್ಟಿತು. ಗೃಹಲಕ್ಷ್ಮಿಯೆಂದು ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಸರ್ಕಾರ, ಸ್ವಸಹಾಯ ಸಂಘದ ವಾರದ ಕಂತಿಗೆಂದು ಅವಳು ಡಬ್ಬಿಯಲ್ಲಿ ಇಟ್ಟ ಹಣ ಕೈಮರದ ಅಂಗಡಿಗೆ ಹೋದರೆ ಅದನ್ನೂ ತನ್ನ ಜಮೆಯೆಂದೇ ಬರೆದುಕೊಳ್ಳುತ್ತದೆ.

ಬದಲಾವಣೆಗೆ ದೊಡ್ಡ ಕಾಯ್ದೆಯೇನೂ ಬೇಕಿಲ್ಲ. 1967ರ ಷರತ್ತುಗಳ ನಿಯಮಾವಳಿಯನ್ನು ಸರ್ಕಾರವೇ ರೂಪಿಸಿರುವುದರಿಂದ, ಗ್ರಾಮೀಣ ಪ್ರದೇಶದಲ್ಲಿ ಯಾವುದೇ ನಮೂನೆಯ ಹೊಸ ಸನ್ನದನ್ನು, ಎಂಎಸ್‌ಐಎಲ್ ಮಳಿಗೆಯನ್ನೂ ಹೋಟೆಲಿನ ಸಿಎಲ್-7ನ್ನೂ ಸೇರಿಸಿ, ಸಂಬಂಧಪಟ್ಟ ಗ್ರಾಮಸಭೆಯ ಗುಪ್ತ ಮತದಾನದ ಒಪ್ಪಿಗೆಯಿಲ್ಲದೆ ಕೊಡತಕ್ಕದ್ದಲ್ಲ ಎಂಬ ಒಂದು ಉಪನಿಯಮವನ್ನು ಸರ್ಕಾರವೇ ಸೇರಿಸಬಹುದು. ಅರ್ಜಿ ಬಂದ ನೋಟಿಸನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಷ್ಟೇ ಅಲ್ಲದೆ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಹಾಲಿನ ಡೇರಿಗಳ ಗೋಡೆಯ ಮೇಲೆ ಕನಿಷ್ಠ 30 ದಿನ ಅಂಟಿಸಿರಬೇಕು. ಮತದಾನದ ದಿನವನ್ನು ಅಡಿಕೆ ಕೊನೆ ಕೊಯ್ಲಿನ ತಿಂಗಳುಗಳಲ್ಲಿ ಇಡಬಾರದು. ಬ್ಯಾಕೋಡಿನಂಥ ಕಡೆ ಮಳೆಗಾಲದಲ್ಲೂ ಇಡಬಾರದು, ಒಳಕೇರಿಗಳ ಹಳ್ಳ ತುಂಬಿದಾಗ ಹೆಂಗಸರು ಮತಗಟ್ಟೆಯವರೆಗೆ ಬರಲಾರರು.