ಎಣಿಕೆಗೆ ಸಿಗದ ಎಳೆಗಳು

ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವವರ ಕೈಚಳಕವನ್ನು ಕಂಡ ವಾಚಕರು ಹಲವರಿರಬಹುದು. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆಗಳು ಕೂಡಿದರೆ ಒಂದು ನೂಲು. ಮುಂದೆ ಹೊಗಳಿಕೆಯೆಲ್ಲ ಸೀರೆಗೆ. ನೂಲು ಬಿಚ್ಚಿದವರನ್ನು ಕೇಳುವವರಿಲ್ಲ.

ರೇಷ್ಮೆಯೂ ಒಂದು ಪ್ರೋಟೀನೇ. ನಮ್ಮ ದೇಹದಲ್ಲಿರುವ ಸಾವಿರಾರು ಬಗೆಯ ಪ್ರೋಟೀನುಗಳಲ್ಲಿ ಯಾವುದು ಯಾವುದರೊಡನೆ ಕೂಡಿ ಕೆಲಸಮಾಡುವುದೆಂದು ತಿಳಿದರೆ ರೋಗದ ಮೂಲವನ್ನರಸಲು ಸಹಾಯವಾದೀತು. ಈ ಸಂಗತಿಗಳು ಅಸಂಖ್ಯ ಪ್ರಬಂಧಗಳಲ್ಲಿ ಚದುರಿದ್ದವು. ಡಾ. ಅಖಿಲೇಶ್ ಪಾಂಡೆಯವರು 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಅವನ್ನು ಒಂದೊಂದಾಗಿ ಓದಿ, ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ ಎಂಬ ಕೋಶದಲ್ಲಿ ಪೋಣಿಸಿದರು. ಅದರ ಪರಿಷ್ಕೃತ ರೂಪವನ್ನು ವಿವರಿಸಿದ, ಡಾ. ಟಿ. ಎಸ್. ಕೇಶವ ಪ್ರಸಾದರು ಮೊದಲ ಲೇಖಕರಾದ 2009ರ ಪ್ರಬಂಧವನ್ನು ಸಾವಿರಕ್ಕೂ ಮಿಕ್ಕಿದ ಪ್ರಬಂಧಗಳು ಉಲ್ಲೇಖಿಸಿವೆ.

ಹೆಮ್ಮೆಯ ಮಾತೇ ಸರಿ. ಆದರೆ ಇಂಥ ಕೋಶವನ್ನು ಬಳಸಿದವರು ಹಲವೊಮ್ಮೆ ಕೋಶವನ್ನಷ್ಟೇ ನೆನೆಯುವರು. ಪ್ರಯೋಗಶಾಲೆಯಲ್ಲಿ ಒಂದೊಂದು ಸಂಬಂಧವನ್ನೂ ಕಂಡುಹಿಡಿದವರ ಲೆಕ್ಕಕ್ಕೆ ಏನೂ ಸೇರದು. ಉದ್ಯೋಗ, ಬಡ್ತಿಗಳನ್ನು ಉಲ್ಲೇಖಗಳ ಎಣಿಕೆಯಿಂದಲೇ ತೂಗುವಲ್ಲಿ ಇದು ಸಣ್ಣ ನಷ್ಟವಲ್ಲ. ಸಂಗ್ರಹಕಾರರು ಪ್ರತಿಯೊಂದು ಸಂಗತಿಯೊಡನೆ ಮೂಲ ಪ್ರಬಂಧದ ಗುರುತನ್ನೂ ಇಟ್ಟಿದ್ದರು. ಅದನ್ನು ತೆರೆದು ನೋಡಿ ಹೆಸರಿಸುವ ಸೌಜನ್ಯ ಬಳಸುವವರಿಗೆ ಸೇರಿದ್ದು.