ನರ್ಸುಗಳು ನಿಲ್ಲುವುದಿಲ್ಲವೋ, ನೀವು ನಿಲ್ಲಗೊಡುವುದಿಲ್ಲವೋ?



ನಾನು ಪ್ರೆಸ್ಸಿನವನು. ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆಗೆ ‘ನರ್ಸುಗಳು ಬೇಕಾಗಿದ್ದಾರೆ’ ಎಂಬ ಕರಪತ್ರವನ್ನು ಮೂರು ತಿಂಗಳಿಗೊಮ್ಮೆ ಅಚ್ಚು ಹಾಕಿಕೊಡುತ್ತೇನೆ. ಮ್ಯಾಟರು ಅದೇ, ತಾರೀಖು ಮಾತ್ರ ಬೇರೆ. ಕಳೆದ ಸಲ ಮಾಲೀಕರು ಹೇಳಿದರು: “ನಿಮ್ಮ ಕನ್ನಡದ ಹುಡುಗೀರು ನಿಲ್ಲೋಲ್ಲ ಕಣ್ರೀ. ಕೇರಳದಿಂದಲೇ ತರಿಸ್ಬೇಕು.”

ಯಾಕೆ ನಿಲ್ಲಬೇಕು ಸ್ವಾಮಿ? ನೇಮಕದ ಕಾಗದ ಅಚ್ಚು ಹಾಕಿದವನೂ ನಾನೇ. ಪೂರ್ತಿ ಇಂಗ್ಲಿಷ್. ಹನ್ನೆರಡು ಗಂಟೆ ಪಾಳಿ. ಎರಡು ವರ್ಷದ ಬಾಂಡು. ಅಸಲಿ ಅಂಕಪಟ್ಟಿ ಆಸ್ಪತ್ರೆಯ ಬೀರುವಿನಲ್ಲಿ ಒತ್ತೆ. ಸಂಬಳದ ಜಾಗದಲ್ಲಿ ಬರೀ ಚುಕ್ಕೆ! ಸಾಲ ಮಾಡಿ ದಂಡ ಕಟ್ಟಿಯಾದರೂ ಓಡಿಹೋಗುತ್ತಾರೆಂದರೆ ಒಳಗಿನ ಪಾಡು ಎಂಥದಿರಬೇಕು?

ಸಾಮಾನ್ಯ ವಾರ್ಡಿನ 6 ಹಾಸಿಗೆಗೆ ಒಬ್ಬ ನರ್ಸ್ ಎಂಬುದು ಕೇಂದ್ರ ಸರ್ಕಾರಿ ಆಸ್ಪತ್ರೆಗಳ ಅಳತೆ. ಇಲ್ಲಿ ರಾತ್ರಿ ಇಡೀ ಮಹಡಿಗೆ ಒಬ್ಬಳು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಕೇರಳದ ನರ್ಸುಗಳು ಬೀದಿಗಿಳಿದು ಹೋರಾಡಿ, 2018ರಲ್ಲಿ ತಮ್ಮ ಸರ್ಕಾರದಿಂದ ಅದೇ 20,000ವನ್ನು ಕನಿಷ್ಠ ವೇತನವಾಗಿ ಪಡೆದರು. ಕೇರಳದಿಂದ ಹುಡುಗಿಯರನ್ನು ತರಿಸುವವರೇ, ಆ ಆದೇಶವನ್ನೂ ತರಿಸಿಕೊಳ್ಳಿರಲ್ಲ!

ಆ ಹುಡುಗಿಯರ ಮೇಲೆ ನಮಗೆ ಸಿಟ್ಟಿಲ್ಲ. ಊರು ಬಿಟ್ಟು ಬಂದವಳು ಹಾಸ್ಟೆಲಿನಲ್ಲೇ ಇರುತ್ತಾಳೆ, ನಡುರಾತ್ರಿ ಕರೆದರೂ ಬರಬೇಕು, ಜಗಳ ಕಾಯಲು ಅಪ್ಪ ಅಣ್ಣ ಹತ್ತಿರವಿಲ್ಲ. ಮಾಲೀಕನಿಗೆ ಬೇಕಾದದ್ದು ಅದು!

ಇದು ಕನ್ನಡದ ಪ್ರಶ್ನೆಯೂ ಹೌದು. ಹಳ್ಳಿಯ ಅಜ್ಜಿ “ಎದೆ ಹಿಡ್ಕೊಂಡಂಗಾಗ್ತದವ್ವ” ಎಂದರೆ ತಿಳಿಯುವವರು ಬೇಕು. ಐದು ವರ್ಷ ನಿಂತವಳು ಎಲ್ಲಿಯವಳಾದರೂ ಕನ್ನಡ ಕಲಿಯುತ್ತಾಳೆ. ಮೂರೇ ತಿಂಗಳಿಗೆ ಗಂಟು ಕಟ್ಟುವವಳು ಏನು ಕಲಿತಾಳು?

ಸರ್ಕಾರವೇನು ಸಾಚಾ? ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಖಾಯಮಾತಿ ಕೇಳಿ 2023ರ ಫೆಬ್ರವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತದ್ದನ್ನು ನಾಡೇ ಕಂಡಿದೆ. ಸ್ಟಾಫ್ ನರ್ಸನ್ನು ‘ಶುಶ್ರೂಷಾಧಿಕಾರಿ’ ಎಂದು ಕರೆದರಾಯಿತೆ? ಗುತ್ತಿಗೆಯವಳ ಹೊಟ್ಟೆ ತುಂಬುತ್ತದೆಯೆ?

ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆಯಡಿ ನೋಂದಣಿ ಕೊಡುವುದು ಸರ್ಕಾರವೇ. ನೋಂದಣಿಗೆ ಷರತ್ತು ಹಾಕಲಿ: ನೇಮಕದ ಕಾಗದ ಕನ್ನಡದಲ್ಲಿರಲಿ, ಸಂಬಳ ಅಂಕಿಯಲ್ಲಿ ಅಚ್ಚಾಗಲಿ, ಅಂಕಪಟ್ಟಿ ವಾಪಸು ಬರಲಿ, ಎಂಟು ಗಂಟೆ ಪಾಳಿಯಾಗಲಿ, ಹೊರಗಿನಿಂದ ಬಂದವರಿಗೆ ಕೆಲಸದ ವೇಳೆಯಲ್ಲೇ ಕನ್ನಡ ಕಲಿಸಲಿ.

ಅಲ್ಲಿಯವರೆಗೆ ಆ ಕರಪತ್ರ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಮಾಲೀಕರಿಗೆ ಹೇಳಿ ಕಳಿಸಿದ್ದೇನೆ. ನಷ್ಟ ನನಗಿರಲಿ.

ಸಿರಿಗನ್ನಡಂ ಗೆಲ್ಗೆ!