ತಪ್ಪು ತಿದ್ದಿಕೊಳ್ಳೋದು ನಮ್ಮ ಹಕ್ಕು, ಯಾರ ಭಿಕ್ಷೆಯೂ ಅಲ್ಲ



ಇದು ಇನ್‌ಕಮ್ ಟ್ಯಾಕ್ಸ್ ಬಗ್ಗೆ ಬರೆದ ಪೋಸ್ಟ್. "ಅಣ್ಣ ಹೋರಾಟ ಬಿಟ್ಟು ಆಡಿಟರ್ ಆದ್ರಾ" ಅಂತ ನಗಬೇಡಿ. ಪೂರ್ತಿ ಓದಿ. ಡಿಸೆಂಬರ್ 31ರ ಒಳಗೆ ಓದಿ.

ಮೊನ್ನೆ ರಾತ್ರಿ ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಬಾಗಿಲು ತಟ್ಟಿದ್ದು ನನಗೆ ತಂಗಿಯಂಥ ಹುಡುಗಿ. ಸ್ಟಾಫ್ ನರ್ಸ್. ಅವರಮ್ಮ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡ್ಕೊಂಡು ದುಡಿದು ಓದಿಸಿದ ಮಗಳು. ಅವರ ಮನೆಗೆ ಬಂದ ಮೊದಲ ಸರ್ಕಾರಿ ಸಂಬಳ ಇವಳದ್ದು. ಮುಖದಲ್ಲಿ ರಕ್ತ ಇರಲಿಲ್ಲ. "ಅಣ್ಣಾ, ಟ್ಯಾಕ್ಸ್‌ನೋರು ಮೆಸೇಜ್ ಕಳಿಸ್ಯಾರೆ. ಪೊಲೀಸರು ಬರ್ತಾರಾ? ಕೆಲಸ ಹೋಗ್ತದಾ?" ಅಂದ್ಲು.

ಮೆಸೇಜು ಇಂಗ್ಲಿಷಲ್ಲಿತ್ತು. ಬಂದಿದ್ದು ಅವಳ ಮೊಬೈಲಿಗಲ್ಲ, ರಿಟರ್ನ್ ತುಂಬಿಕೊಟ್ಟ ಏಜೆಂಟನ ಮೊಬೈಲಿಗೆ. ಅವನು ವಾಟ್ಸಾಪಲ್ಲಿ ಇವಳಿಗೆ ತಳ್ಳಿ ಸುಮ್ಮನಾಗಿದ್ದ. ಯಾಕಂದ್ರೆ ಪೋರ್ಟಲ್‌ನಲ್ಲಿ ಅವನದೇ ನಂಬರು, ಅವನದೇ ಇಮೇಲು. ಪಾಸ್‌ವರ್ಡೂ ಅವನ ಹತ್ರ. ಸಂಬಳ ಮಾತ್ರ ಇವಳದು.

ಎರಡು ವರ್ಷದ ರಿಟರ್ನ್ ತೆಗೆಸಿ ನೋಡಿದೆ. ಅವಳು ಹೆಸರೇ ಕೇಳಿರದ ಯಾವುದೋ ಪಾರ್ಟಿಗೆ ವರ್ಷಕ್ಕೆ ಒಂದು ಲಕ್ಷ ದೇಣಿಗೆ ಕೊಟ್ಟಾಳಂತೆ! ಬಾಡಿಗೆ ಮನೆಯಲ್ಲಿರೋ ನಮ್ಮ ಹುಡುಗಿ, ಕಾಗದದ ಮೇಲೆ ದೊಡ್ಡ ದಾನಿ. ಹೋದ ವರ್ಷ ಸೆಸ್ ಸೇರಿ 20,800 ರೂಪಾಯಿ ರೀಫಂಡ್ ಬಂದಿತ್ತು. ಅದರಲ್ಲಿ ನಾಲ್ಕು ಸಾವಿರ ಏಜೆಂಟನ ಕಮಿಷನ್. "ಎಲ್ಲಾರೂ ಹಿಂಗೇ ಮಾಡಿಸ್ತಾರೆ ಅಕ್ಕಾ" ಅಂದಿದ್ದನಂತೆ. ಅವನೂ ನಮ್ಮವನೇ. ಅಂಗಡಿ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಬೇಜಾರಾದ್ರೂ ಹೇಳಲೇಬೇಕು: ಫೋಟೋ ಕೆಳಗೆ ಕೂತು ನಮ್ಮವರ ಸಹಿಯಲ್ಲೇ ಸುಳ್ಳು ಬರೆಯೋನು ಮೇಲ್ಜಾತಿಯವನಾದ್ರೆ ಬೈತೀವಿ, ನಮ್ಮವನಾದ್ರೆ ಬಿಡ್ತೀವಿ. ಬಿಡಬಾರದು.

ಇದು ಅವಳೊಬ್ಬಳ ಕಥೆಯಲ್ಲ. 2025ರ ಜುಲೈನಲ್ಲಿ ತೆರಿಗೆ ಇಲಾಖೆಯೇ ಹೇಳಿತ್ತು: ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಮ್ಮ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತಗೊಂಡಿದ್ದಾರೆ ಅಂತ. ಅವರಲ್ಲಿ ಎಷ್ಟು ಮಂದಿ ಇವಳ ಹಾಗೆ ಏಜೆಂಟನ ನಂಬಿ ಕೆಟ್ಟವರೋ!

ಅವಳಿಗೆ ದಾರಿ ಇದೆ. ಈ ವರ್ಷದ್ದು, ಅಂದ್ರೆ 2025-26ರ ಅಸೆಸ್‌ಮೆಂಟ್ ವರ್ಷದ್ದು, ರಿವೈಸ್ಡ್ ರಿಟರ್ನ್ ಹಾಕಿ ಸರಿಮಾಡಬಹುದು. ಕಲಂ 139(5). ಫೀಸು ಇಲ್ಲ. ಗಡುವು 2025ರ ಡಿಸೆಂಬರ್ 31. ಹೋದ ವರ್ಷದ್ದಕ್ಕೆ ಆ ಬಾಗಿಲು ಮುಚ್ಚಿದೆ. ಉಳಿದಿರೋದು ಅಪ್‌ಡೇಟೆಡ್ ರಿಟರ್ನ್, 139(8ಎ). ಅಲ್ಲಿ 20,800 ವಾಪಸ್ ಕಟ್ಟಬೇಕು, ಬಡ್ಡಿ ಕಟ್ಟಬೇಕು, ಅದರ ಮೇಲೆ ಶೇ 25 ಹೆಚ್ಚುವರಿ. ಇನ್ನೂ ತಡ ಮಾಡಿದರೆ ಶೇ 50, 60, 70. ಸುಮ್ಮನಿದ್ದು ಅವರೇ ಹಿಡಿದರೆ ತೆರಿಗೆಯ ಶೇ 200ರವರೆಗೂ ದಂಡ. ಏಜೆಂಟನ ನಾಲ್ಕು ಸಾವಿರ ಮಾತ್ರ ಅವನ ಜೇಬಲ್ಲೇ.

ಕಟ್ಟು ಅಂದೆ. ಸುಳ್ಳಿನ ದುಡ್ಡು ನಮಗೆ ಬೇಡ. ಅವಳೂ ಒಪ್ಪಿದಳು.

ಈಗ ಇನ್ನೊಂದು ಕಥೆ ಕೇಳಿ. ಹರಿಹರದಲ್ಲಿ ಒಬ್ಬ ತಮ್ಮ ಇದ್ದಾನೆ, ಆಫೀಸೊಂದರಲ್ಲಿ ಗುಮಾಸ್ತ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಹೋಗಿದೆ. ಹಳೇ ತೆರಿಗೆ ಪದ್ಧತಿಯಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ 80ಯು ಕಲಂನಲ್ಲಿ 75,000 ರೂಪಾಯಿ ಕಡಿತ ಇದೆ. ಅವನಿಗೆ ಯಾರೂ ಹೇಳಲಿಲ್ಲ. 2023-24ರ ಅಸೆಸ್‌ಮೆಂಟ್ ವರ್ಷದ ರಿಟರ್ನಲ್ಲಿ ಅದು ಬಿಟ್ಟೇ ಹೋಗಿ, ಸೆಸ್ ಸೇರಿ 15,600 ರೂಪಾಯಿ ಹೆಚ್ಚು ಕಟ್ಟಿದ್ದಾನೆ. ಗೊತ್ತಾಗಿದ್ದು ಈ ವರ್ಷ.

ಅವನೂ ಅಪ್‌ಡೇಟೆಡ್ ರಿಟರ್ನ್ ಹಾಕಿ ದುಡ್ಡು ವಾಪಸ್ ತಗೋಬಹುದಾ? ಆಗಲ್ಲ. ತೆರಿಗೆ ಕಡಿಮೆ ಆಗೋದಾದ್ರೆ, ರೀಫಂಡ್ ಬರೋದಾದ್ರೆ ಆ ಬಾಗಿಲು ತೆರೆಯೋದೇ ಇಲ್ಲ!

ಈ ಲೆಕ್ಕ ನೋಡಿ. ಅದೇ ವರ್ಷಕ್ಕೆ ಅವನು ಸರ್ಕಾರಕ್ಕೆ ಇನ್ನಷ್ಟು ಕಟ್ತೀನಿ ಅಂದ್ರೆ 2028ರ ಮಾರ್ಚ್‌ವರೆಗೂ "ಬಾರಪ್ಪಾ" ಅಂತಾರೆ. ಸರ್ಕಾರ ಅವನಿಗೆ ಕೊಡಬೇಕಾದ್ದನ್ನ ಕೇಳೋಕೆ ಮಾತ್ರ 2023ರ ಡಿಸೆಂಬರ್ 31ಕ್ಕೇ ಬೀಗ. 2022ರಲ್ಲಿ ಈ ಅಪ್‌ಡೇಟೆಡ್ ರಿಟರ್ನ್ ತಂದಾಗ ಎರಡು ವರ್ಷ ಇತ್ತು. 2025ರಲ್ಲಿ ನಾಲ್ಕಕ್ಕೆ ಏರಿಸಿದರು. ಒಂದೇ ಕಡೆಗೆ. ನಮ್ಮ ಕಡೆಗೆ ಒಂದು ದಿನವೂ ಏರಲಿಲ್ಲ.

ಅವನಿಗೆ ಉಳಿದಿರೋದು ಕಮಿಷನರ ಹತ್ರ ಅರ್ಜಿ. "ತಡವಾಯ್ತು, ಮನ್ನಿಸಿ" ಅಂತ ಬರೆದು ಕಾಯಬೇಕು. ಅದಕ್ಕೆ ಐದು ವರ್ಷ ಅವಕಾಶ ಇದೆ ಅಂತಾರೆ. ಇರಲಿ. ಆದರೆ ಅದು ಕೃಪೆ. ಸರ್ಕಾರದ ಹಣ ಹಕ್ಕು, ನಮ್ಮ ಹಣ ಕೃಪೆ. ಕೈ ಮುಗಿದು ಹೊರಗೆ ನಿಂತು ಕಾಯೋದು ನಮಗೆ ಹೊಸದಲ್ಲ, ಆದರೆ ಇನ್ನು ಅಭ್ಯಾಸ ಮಾಡ್ಕೋಬಾರದು.

ಕಾನೂನು ಗೊತ್ತಿರಬೇಕಿತ್ತು ಅನ್ನೋರಿಗೆ ಎರಡು ಮಾತು. 1955ರ ಏಪ್ರಿಲ್ 11ರ 14ನೇ ಸುತ್ತೋಲೆ ಅಂತ ಒಂದಿದೆ. ತೆರಿಗೆದಾರನ ತಿಳಿವಳಿಕೆ ಇಲ್ಲದಿರುವಿಕೆಯ ಲಾಭವನ್ನು ಅಧಿಕಾರಿಗಳು ತಗೋಬಾರದು, ಅವನಿಗೆ ಸಿಗಬೇಕಾದ ರಿಯಾಯಿತಿ ಕೇಳೋಕೆ ನೆರವಾಗಬೇಕು ಅಂತ ತೆರಿಗೆ ಆಡಳಿತವೇ ತನ್ನ ಅಧಿಕಾರಿಗಳಿಗೆ ಹೇಳಿದ್ದು. ಆಗ ಬಾಬಾಸಾಹೇಬರು ಇನ್ನೂ ಬದುಕಿದ್ದರು. ಅವರು ಕೊಟ್ಟ ಸಂವಿಧಾನದ 265ನೇ ವಿಧಿ ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲಿ ಮಾಡಬಾರದು ಅನ್ನುತ್ತೆ. ಕಾನೂನು ಬೇಡ ಅಂದಿದ್ದ ಆ 15,600 ರೂಪಾಯಿ ಯಾವ ಅಧಿಕಾರದಲ್ಲಿ ಖಜಾನೆಯಲ್ಲಿ ಕೂತಿದೆ?

ಇನ್ನು "ಟ್ಯಾಕ್ಸ್ ಕಟ್ಟೋರು ನಾವು, ತಿನ್ನೋರು ನೀವು" ಅನ್ನೋ ಮಂದಿಗೆ. ಸೋಪಿಂದ ಚಪ್ಪಲಿವರೆಗೆ ಜಿಎಸ್‌ಟಿ ಕಟ್ಟದ ಮನೆ ಯಾವ ಕೇರಿಯಲ್ಲೂ ಇಲ್ಲ. ಈಗ ನಮ್ಮ ಮಕ್ಕಳು ರಿಟರ್ನೂ ಹಾಕ್ತಿದ್ದಾರೆ. ನಿಮ್ಮ ಮನೆಗೆ ತಾತನ ಕಾಲದಿಂದ ಆಡಿಟರ್ ಬರ್ತಾನೆ, ತಪ್ಪಾದರೆ ಗಡುವಿನೊಳಗೆ ತಿದ್ದುತ್ತಾನೆ. ಅದನ್ನ ಪ್ಲಾನಿಂಗ್ ಅಂತೀರಿ. ನಮ್ಮವರು ತಪ್ಪಿದರೆ ಕಳ್ಳರು ಅಂತೀರಿ.

ನಮ್ಮ ಹಕ್ಕೊತ್ತಾಯ ಇಷ್ಟೇ. ಸರ್ಕಾರಕ್ಕೆ ಕೊಡೋಕೆ ನಾಲ್ಕು ವರ್ಷ ಇದ್ದರೆ ವಾಪಸ್ ಕೇಳೋಕೂ ನಾಲ್ಕು ವರ್ಷ ಇರಲಿ. ಮೆಸೇಜು, ನೋಟಿಸು ಕನ್ನಡದಲ್ಲಿ ಬರಲಿ. ದೇಶದ ರಿಟರ್ನೆಲ್ಲ ಸಂಸ್ಕರಿಸೋ ಕೇಂದ್ರ ಇರೋದೇ ಬೆಂಗಳೂರಲ್ಲಿ. ಸುಳ್ಳು ಬರೆದ ಏಜೆಂಟನಿಗೂ ದಂಡ ಬೀಳಲಿ.

ಅಲ್ಲಿವರೆಗೆ ನಾವು ಮಾಡಬೇಕಾದ್ದು: ಇವತ್ತೇ ಪೋರ್ಟಲ್‌ನಲ್ಲಿ ನಿಮ್ಮ ನಂಬರು, ನಿಮ್ಮ ಇಮೇಲು ಹಾಕಿಸಿ, ಪಾಸ್‌ವರ್ಡ್ ಬದಲಿಸಿ. ಹಾಕಿದ ರಿಟರ್ನ್ ಇಳಿಸಿಕೊಂಡು ಎಐಎಸ್, 26ಎಎಸ್ ಜೊತೆ ಹೋಲಿಸಿ. ಇಲ್ಲದ ದೇಣಿಗೆ ಇದ್ದರೆ ತೆಗೆಸಿ, ಇರಬೇಕಾದ ಕಡಿತ ಬಿಟ್ಟಿದ್ದರೆ ಸೇರಿಸಿ. ರಿವೈಸ್ಡ್ ಹಾಕಿದ ಮೇಲೂ 30 ದಿನದೊಳಗೆ ಇ-ವೆರಿಫೈ ಮಾಡಲೇಬೇಕು, ಮಾಡದಿದ್ದರೆ ಹಾಕಿದ್ದು ಲೆಕ್ಕಕ್ಕಿಲ್ಲ.

ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಊರು ನಮ್ಮ ಹರಿಹರ. ಭೂಮಿ ಕೇಳೋದನ್ನ ಅವರಿಂದ ಕಲಿತೆವು. ಲೆಕ್ಕ ಕೇಳೋದನ್ನೂ ಕಲಿಯೋಣ. ಬಾಬಾಸಾಹೇಬರು ಬ್ರಿಟಿಷ್ ಸರ್ಕಾರದ ಹಣಕಾಸಿನ ಲೆಕ್ಕ ಬಿಡಿಸಿ ಬರೆದ ಪುಸ್ತಕ 1925ರಲ್ಲಿ ಅಚ್ಚಾಯ್ತು. ನೂರು ವರ್ಷ ಆದ ಮೇಲೂ ನಮ್ಮ ರಿಟರ್ನ್ ನಾವು ಓದದಿದ್ದರೆ ಹೇಗೆ?

ಎರಡು ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗುಲಿ ಮೇಲೆ ಕೂತಿರ್ತೀವಿ. ಕಾಗದ ತಗೊಂಡು ಬನ್ನಿ. ಕಮಿಷನ್ ಇಲ್ಲ, ಚಹಾ ಇದೆ. ಹೆದರಿಕೊಂಡು ಬರಬೇಡಿ.

ಜೈ ಭೀಮ್.